ಗಣಿಗಾರರ ಉಪದೇಶಿಯಾಗಿದ್ದ ಚಿತ್ರಗಾರನು: ವಿನ್ಸೆಂಟ್ ವ್ಯಾನ್ ಗೋ ಎಂಬವನ ಚರಿತ್ರೆ

ದೂರದೇಶಗಳಲ್ಲಿ ಸುವಾರ್ತೆಯನ್ನು ಸಾರಿದವರ ಚರಿತ್ರೆಗಳನ್ನೂ ವಿಶ್ವಾಸದ ನಿಮಿತ್ತ ಹಿಂಸೆಪಟ್ಟವರ ಚರಿತ್ರೆಗಳನ್ನೂ ನಾವು ಸಂತೋಷದಿಂದ ಓದುತ್ತೇವೆ. ಅಂಥವರ ಜೀವಿತವು ನೆಟ್ಟಗಿನ ದಾರಿಯಂತೆ ನಮ್ಮ ಕಣ್ಣಮುಂದೆ ತೋರುತ್ತದೆ. ಈ ಸಾರಿ ನಾವು ಬರೆಯುವ ಚರಿತ್ರೆಯು ಅಂಥದ್ದಲ್ಲ. ಇದು ಬೋಧಕರ ಮಗನಾಗಿ ಹುಟ್ಟಿ, ತಾನೂ ಬಡವರಿಗೆ ದೇವರ ವಾಕ್ಯವನ್ನು ಸಾರಬೇಕೆಂದು ಹಂಬಲಿಸಿ, ಆ ಕೆಲಸಕ್ಕೆ ಯೋಗ್ಯನಲ್ಲವೆಂದು ತಳ್ಳಲ್ಪಟ್ಟು, ಕಡೆಗೆ ಗುರುವಿಲ್ಲದೆ ಚಿತ್ರ ಬರೆಯುವುದನ್ನು ಕಲಿತುಕೊಂಡ ಒಬ್ಬನ ಕಥೆ. ಅವನ ನಡತೆಯಲ್ಲಿ ನಾವು ಒಪ್ಪಲಾಗದ ಸಂಗತಿಗಳಿವೆ. ಅವನ ಅಂತ್ಯವು ದುಃಖಕರವಾದದ್ದು. ಆದರೂ ಸಭೆಯಲ್ಲಿ ಸೇವೆ ಮಾಡುವ ನಾವು ಈ ಚರಿತ್ರೆಯನ್ನು ಓದದೆ ಬಿಡಬಾರದೆಂದು ನಮಗೆ ತೋಚಿತು. ಕಾರಣವನ್ನು ಓದುತ್ತಾ ಹೋದಂತೆ ತಿಳಿಯುವಿರಿ.

1. ಜನನವೂ ಬಾಲ್ಯವೂ

ಹಾಲೆಂಡ್ ದೇಶದ ದಕ್ಷಿಣ ಭಾಗದಲ್ಲಿ ಬ್ರಬಾಂಟ್ ಎಂಬ ಸೀಮೆಯುಂಟು. ಅಲ್ಲಿಯ ಝುಂಡರ್ಟ್ ಎಂಬ ಹಳ್ಳಿಯಲ್ಲಿ 1853ನೆಯ ಇಸವಿ ಮಾರ್ಚಿ 30ನೆಯ ತಾರೀಖು ವಿನ್ಸೆಂಟನು ಹುಟ್ಟಿದನು. ಅವನ ತಂದೆ ಥಿಯೊಡೋರಸ್ ವ್ಯಾನ್ ಗೋ ಎಂಬವರು ಆ ದೇಶದ ಸುಧಾರಿತ ಸಭೆಯ ಬೋಧಕರು. ಆ ಸೀಮೆಯ ಜನರಲ್ಲಿ ಬಹುಮಂದಿ ರೋಮನ್ ಕಥೋಲಿಕರಾಗಿದ್ದದರಿಂದ ಅವರ ಸಭೆಯು ಚಿಕ್ಕದಾಗಿತ್ತು. ಸುತ್ತಲೂ ಬೇರೆ ಮತದವರಿರುವಾಗ ಕೆಲವೇ ಕುಟುಂಬಗಳು ಕೂಡಿ ದೇವಾರಾಧನೆ ಮಾಡುವುದೆಂದರೇನೆಂದು ನಮ್ಮ ಹಳ್ಳಿಯ ಸಭೆಗಳವರಿಗೆ ಹೇಳಬೇಕಾದದ್ದಿಲ್ಲ.

ವಿನ್ಸೆಂಟನು ಹುಟ್ಟುವುದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ತಾರೀಖಿನಲ್ಲಿ, ಅವನ ತಾಯಿಗೆ ಒಂದು ಮಗುವು ಸತ್ತೇ ಹುಟ್ಟಿತ್ತು. ಆ ಮಗುವಿಗೂ ವಿನ್ಸೆಂಟನೆಂದೇ ಹೆಸರಿಟ್ಟಿದ್ದರು. ಆದಕಾರಣ ದೇವಾಲಯದ ಬಳಿಯಲ್ಲಿದ್ದ ಒಂದು ಸಣ್ಣ ಸಮಾಧಿಯ ಕಲ್ಲಿನಲ್ಲಿ ತನ್ನದೇ ಹೆಸರು ಕೆತ್ತಲ್ಪಟ್ಟಿರುವುದನ್ನು ನೋಡುತ್ತಾ ಈ ಹುಡುಗನು ಬೆಳೆದನು. ಅವನಿಗೆ ಮೂವರು ತಂಗಿಯರೂ ಇಬ್ಬರು ತಮ್ಮಂದಿರೂ ಇದ್ದರು. ಅವರೊಳಗೆ ನಾಲ್ಕು ವರ್ಷ ಚಿಕ್ಕವನಾದ ಥಿಯೋ ಎಂಬ ತಮ್ಮನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಆ ತಮ್ಮನಿಲ್ಲದಿದ್ದರೆ ನಾವು ಬರೆಯತಕ್ಕ ಚರಿತ್ರೆಯೇ ಇರುತ್ತಿರಲಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ ವಿನ್ಸೆಂಟನು ಹೇಗ್ ಪಟ್ಟಣದಲ್ಲಿ ಚಿತ್ರಗಳನ್ನು ಮಾರುವ ಗೂಪಿಲ್ ಎಂಬ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನು. ಅವನ ದೊಡ್ಡಪ್ಪನು ಆ ವ್ಯಾಪಾರದಲ್ಲಿ ಪಾಲುಗಾರನಾಗಿದ್ದನು. ಅಲ್ಲಿಂದ 1873ರಲ್ಲಿ ಲಂಡನಿಗೂ ತರುವಾಯ ಪಾರಿಸಿಗೂ ಕಳುಹಿಸಲ್ಪಟ್ಟನು. ಮೊದಮೊದಲು ಕೆಲಸವನ್ನು ಚೆನ್ನಾಗಿ ಮಾಡಿದನು. ಆದರೆ ಲಂಡನಿನಲ್ಲಿ ಅವನು ಪ್ರೀತಿಸಿದ ಹುಡುಗಿಯು ಅವನನ್ನು ಒಲ್ಲೆನೆಂದಳು. ಅಂದಿನಿಂದ ಅವನ ಮನಸ್ಸು ವ್ಯಾಪಾರವನ್ನು ಬಿಟ್ಟು ಸತ್ಯವೇದದ ಕಡೆಗೆ ಬಲವಾಗಿ ತಿರುಗಿತು. ಕೊಳ್ಳುವುದಕ್ಕೆ ಬಂದವರ ಸಂಗಡ ಸರಿಯಾಗಿ ಮಾತಾಡದೆಹೋದನು. ಹೀಗಿರಲಾಗಿ 1876ರಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಿದರು.

2. ಪ್ರಸಂಗಪೀಠದ ಆಶೆ

ಆಗ ಅವನಿಗೆ 23 ವರ್ಷ. ಇಂಗ್ಲೆಂಡಿಗೆ ಹಿಂತಿರುಗಿ ಮೊದಲು ಸಂಬಳವಿಲ್ಲದೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದನು. ತರುವಾಯ ಲಂಡನಿನ ಬಳಿಯಲ್ಲಿದ್ದ ಒಬ್ಬ ಬೋಧಕರ ಶಾಲೆಯಲ್ಲಿ ಕೆಲಸಮಾಡುತ್ತಾ ಅವರಿಗೆ ಸಹಾಯಕನಾದನು. ಅದೇ ವರ್ಷ ಅಕ್ಟೋಬರ್ 29ನೆಯ ತಾರೀಖು ರಿಚ್ಮಂಡ್ ಎಂಬಲ್ಲಿಯ ಮೆಥೊಡಿಸ್ಟ್ ದೇವಾಲಯದಲ್ಲಿ ತನ್ನ ಮೊದಲನೆಯ ಪ್ರಸಂಗವನ್ನು ಮಾಡಿದನು. ಮನುಷ್ಯನು ಈ ಭೂಮಿಯಲ್ಲಿ ಪರದೇಶಿಯಾಗಿದ್ದಾನೆಂಬ ಅರ್ಥವುಳ್ಳ 119ನೆಯ ಕೀರ್ತನೆಯ ವಚನವೇ ಅವನು ಆರಿಸಿಕೊಂಡ ಮೂಲವಾಕ್ಯ. ಪ್ರಸಂಗಪೀಠವನ್ನು ಹತ್ತಿದಾಗ ತನಗುಂಟಾದ ಆನಂದವನ್ನು ಅವನು ತಮ್ಮನಿಗೆ ಕಾಗದದಲ್ಲಿ ಬರೆದು ತಿಳಿಸಿದನು.

ಬೋಧಕನಾಗಬೇಕಾದರೆ ವಿಶ್ವವಿದ್ಯಾಲಯದಲ್ಲಿ ದೇವಜ್ಞಾನಶಾಸ್ತ್ರವನ್ನು ಕಲಿಯಬೇಕಾಗಿತ್ತು. ಅದಕ್ಕೆ ಪ್ರವೇಶ ಪರೀಕ್ಷೆಯುಂಟು. ಪರೀಕ್ಷೆಗೆ ಲತೀನ್ ಗ್ರೀಕ್ ಭಾಷೆಗಳು ಬೇಕು. ಬಂಧುಗಳು ಸಹಾಯ ಮಾಡಿದ್ದರಿಂದ 1877ರ ಮೇ ತಿಂಗಳಿಂದ ಅವನು ಆಮ್ಸ್ಟರ್ಡಾಮ್ ಪಟ್ಟಣದಲ್ಲಿ ಇನ್ನೊಬ್ಬ ದೊಡ್ಡಪ್ಪನ ಮನೆಯಲ್ಲಿದ್ದು ಓದಿದನು. ಅವನು ಮೈಗಳ್ಳನಾಗಿರಲಿಲ್ಲ, ರಾತ್ರಿ ಬಹಳ ಹೊತ್ತಿನ ತನಕ ಓದುವನು. ಆದರೆ ದುಃಖದಲ್ಲಿರುವ ಬಡವರನ್ನು ಸಂತೈಸುವುದಕ್ಕೆ ಗ್ರೀಕ್ ವ್ಯಾಕರಣವು ಯಾಕೆ ಬೇಕೆಂಬ ಪ್ರಶ್ನೆಯು ಅವನನ್ನು ಬಿಡಲಿಲ್ಲ. ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಕಷ್ಟಪಟ್ಟು ಆ ಓದನ್ನು ಬಿಟ್ಟುಬಿಟ್ಟನು.

1878ರಲ್ಲಿ ಬೆಲ್ಜಿಯಮ್ ದೇಶದ ಬ್ರಸ್ಸೆಲ್ಸ್ ಪಟ್ಟಣದ ಬಳಿ, ಸುವಾರ್ತಿಕರನ್ನು ಸಿದ್ಧಮಾಡುವ ಒಂದು ಶಾಲೆಯಲ್ಲಿ ಮೂರು ತಿಂಗಳ ಪರೀಕ್ಷಾಕಾಲಕ್ಕೆ ಸೇರಿಸಿಕೊಳ್ಳಲ್ಪಟ್ಟನು. ಅಲ್ಲಿಯೂ ಅವನಿಗೆ ಜಯವಾಗಲಿಲ್ಲ. ಜನರ ಮುಂದೆ ನಿಂತು ನಿರರ್ಗಳವಾಗಿ ಮಾತಾಡುವ ವರವು ಅವನಿಗಿರಲಿಲ್ಲ. ಮೂರು ತಿಂಗಳು ಕಳೆದಾಗ ಶಾಲೆಯವರು ಅವನನ್ನು ಮುಂದಕ್ಕೆ ಇಟ್ಟುಕೊಳ್ಳಲಿಲ್ಲ.

3. ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ

ಬೆಲ್ಜಿಯಮಿನಲ್ಲಿ ಬೊರಿನಾಜ್ ಎಂಬ ಸೀಮೆಯು ಆ ಕಾಲದಲ್ಲಿ ಕಲ್ಲಿದ್ದಲ ಗಣಿಗಳಿಂದ ತುಂಬಿತ್ತು. ಗಂಡಸರೂ ಹೆಂಗಸರೂ ಮಕ್ಕಳೂ ಗಣಿಯಲ್ಲಿ ದುಡಿಯುತ್ತಿದ್ದರು. ಬೆಳಗಾಗುವ ಮೊದಲೇ ಇಳಿದು ಕತ್ತಲಾದ ಮೇಲೆ ಏರುತ್ತಿದ್ದದರಿಂದ ಚಳಿಗಾಲದಲ್ಲಿ ಅನೇಕರಿಗೆ ಆದಿತ್ಯವಾರದ ಹೊರತು ಸೂರ್ಯನ ಮುಖವೇ ಕಾಣುತ್ತಿರಲಿಲ್ಲ. 1878ರ ದಶಂಬರ ತಿಂಗಳಲ್ಲಿ ವಿನ್ಸೆಂಟನು ಯಾರ ನೇಮಕವೂ ಇಲ್ಲದೆ ಅಲ್ಲಿಗೆ ಹೋದನು. ಅವನ ಮನಸ್ಸಿನ ದೃಢತೆಯನ್ನು ಕಂಡು ಸುವಾರ್ತಾ ಕಮಿಟಿಯವರು 1879ರ ಜನವರಿಯಿಂದ ಆರು ತಿಂಗಳ ಮಟ್ಟಿಗೆ ಅವನನ್ನು ವಾಮ್ ಎಂಬ ಊರಿನಲ್ಲಿ ಉಪದೇಶಿಯನ್ನಾಗಿ ನೇಮಿಸಿದರು.

ಹಿಂದೆ ಕುಣಿತಕ್ಕೆ ಉಪಯೋಗವಾಗುತ್ತಿದ್ದ ಒಂದು ಕೊಠಡಿಯಲ್ಲಿ ಅವನು ಕೂಟಗಳನ್ನು ನಡಿಸಿದನು; ರೋಗಿಗಳನ್ನು ಕಾಣುವುದಕ್ಕೆ ಮನೆಮನೆಗೆ ಹೋದನು. ಒಂದು ದಿನ ಮಾರ್ಕಾಸ್ ಎಂಬ ಗಣಿಯೊಳಗೆ ಸುಮಾರು 700 ಮೀಟರ್ ಆಳಕ್ಕೆ ಇಳಿದು ಆರು ತಾಸು ಅಲ್ಲಿದ್ದನು. ತನ್ನ ಕೇಳುಗರು ಯಾವ ಕತ್ತಲೆಯಲ್ಲಿ ದುಡಿಯುತ್ತಾರೆಂದು ತಿಳಿಯದೆ ಅವರಿಗೆ ಬೆಳಕಿನ ವಿಷಯವಾಗಿ ಬೋಧಿಸುವುದು ಸರಿಯಲ್ಲವೆಂದು ಅವನಿಗೆ ಕಂಡಿರಬೇಕು. ಅದೇ ವರ್ಷ ಎಪ್ರಿಲ್ 17ನೆಯ ತಾರೀಖು ಹತ್ತಿರದ ಫ್ರಾಮರೀ ಎಂಬ ಊರಿನ ಗಣಿಯಲ್ಲಿ ವಿಷವಾಯುವಿಗೆ ಬೆಂಕಿ ತಗಲಿ ಸ್ಫೋಟವಾಗಿ 121 ಮಂದಿ ಸತ್ತರು. ಆ ದಿನಗಳಲ್ಲಿ ವಿನ್ಸೆಂಟನು ಸುಟ್ಟುಕೊಂಡವರ ಬಳಿಯಲ್ಲಿ ಹಗಲಿರುಳು ಕೂತು ಆರೈಕೆ ಮಾಡಿದನು. ತನ್ನ ಉಡುಪುಗಳನ್ನೂ ಬಟ್ಟೆಗಳನ್ನೂ ಅವರಿಗೋಸ್ಕರ ಕೊಟ್ಟುಬಿಟ್ಟನು. ಒಳ್ಳೆಯ ಮನೆಯಲ್ಲಿದ್ದ ತನ್ನ ಕೋಣೆಯನ್ನು ಬಿಟ್ಟು ಒಂದು ಗುಡಿಸಲಿನಲ್ಲಿ ಹುಲ್ಲಿನ ಮೇಲೆ ಮಲಗಿದನು. ಅವನ ಮುಖವೂ ಗಣಿಗಾರರ ಮುಖದಂತೆ ಮಸಿಯಿಂದ ಕಪ್ಪಾಗಿರುತ್ತಿತ್ತು.

ಕಮಿಟಿಯವರಿಗೆ ಇದು ಹಿಡಿಸಲಿಲ್ಲ. ಉಪದೇಶಿಯಾದವನು ಹೀಗೆ ಹರಕು ಬಟ್ಟೆಯಲ್ಲಿ ಹಾಸಿಗೆಯಿಲ್ಲದೆ ಇರುವುದು ಸುವಾರ್ತೆಯ ಸೇವೆಗೆ ಗೌರವವಲ್ಲವೆಂದು ಅವರು ಎಣಿಸಿದರು. ಆರು ತಿಂಗಳು ತೀರಿದಾಗ ಅವನ ನೇಮಕವನ್ನು ಮುಂದುವರಿಸಲಿಲ್ಲ. ಆ ವರ್ಷದ ವರದಿಯಲ್ಲಿ ಕಮಿಟಿಯವರು ತಾವೇ ಬರೆದಿಟ್ಟದ್ದೇನಂದರೆ, ರೋಗಿಗಳನ್ನೂ ಗಾಯಪಟ್ಟವರನ್ನೂ ನೋಡಿಕೊಳ್ಳುವುದರಲ್ಲಿ ಇವನು ಅಪೂರ್ವವಾದ ಪ್ರೀತಿಯನ್ನು ತೋರಿಸಿದನು, ತನ್ನದನ್ನೆಲ್ಲಾ ಕೊಟ್ಟನು. ಆದರೆ ಸಭೆಯ ಮುಂದೆ ಮಾತಾಡುವ ವರವಿಲ್ಲದ ಕಾರಣ ಸುವಾರ್ತಿಕನ ಮುಖ್ಯ ಕರ್ತವ್ಯವು ಇವನಿಂದಾಗದು ಎಂಬುದೇ.

ಪ್ರಿಯ ಸಹೋದರರೇ, ಈ ವರದಿಯ ಸಂಗತಿಯನ್ನು ನಾವು ಮೊದಲು ಓದಿದಾಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರಬೇಕಾಯಿತು. ಯಾಕಂದರೆ ಸೆಮಿನರಿಯಲ್ಲಿ ಕಲಿತ ನಾವೂ ಮನುಷ್ಯರನ್ನು ನಾಲಿಗೆಯಿಂದ ತೂಗಿದವರೇ. ಕೂಟದಲ್ಲಿ ಪ್ರಾರ್ಥಿಸಲು ಎದ್ದು ಮಾತು ತಡವರಿಸಿದವನನ್ನು ಕೂರಿಸಿ, ಚೆನ್ನಾಗಿ ಮಾತಾಡುವವನನ್ನು ಮುಂದಕ್ಕೆ ಕರೆದಿದ್ದೇವೆ. ತಡವರಿಸಿದವನು ಹಿಂದಿನ ರಾತ್ರಿ ಯಾವ ರೋಗಿಯ ಬಳಿಯಲ್ಲಿ ಎಚ್ಚರವಾಗಿದ್ದನೆಂದು ನಾವು ವಿಚಾರಿಸಲಿಲ್ಲ. ಆ ಕಮಿಟಿಯವರು ಕೆಟ್ಟವರಲ್ಲ, ನಮ್ಮಂಥವರೇ.

4. ಗುರುವಿಲ್ಲದ ವಿದ್ಯೆ

ನೇಮಕ ತಪ್ಪಿದ ಮೇಲೆ ವಿನ್ಸೆಂಟನು ಅದೇ ಸೀಮೆಯ ಕೆಮ್ ಎಂಬ ಊರಿಗೆ ಹೋಗಿ ಬಡತನದಲ್ಲಿ ಕಾಲ ಕಳೆದನು. ಸುಮಾರು ಒಂದು ವರ್ಷ ತಮ್ಮನಿಗೂ ಕಾಗದ ಬರೆಯಲಿಲ್ಲ. 1880ರ ಆರಂಭದಲ್ಲಿ ಒಬ್ಬ ಪ್ರಸಿದ್ಧ ಚಿತ್ರಗಾರನನ್ನು ಕಾಣಬೇಕೆಂದು ಕೈಯಲ್ಲಿ ಕೆಲವೇ ಕಾಸುಗಳನ್ನಿಟ್ಟುಕೊಂಡು ಫ್ರಾನ್ಸ್ ದೇಶದ ಕೂರಿಯೇರ್ ಎಂಬ ಊರಿಗೆ ಕಾಲುನಡಿಗೆಯಲ್ಲಿ ಹೋದನು. ಬಯಲಲ್ಲಿಯೂ ಬಂಡಿಯಲ್ಲಿಯೂ ಹುಲ್ಲಿನ ಮೆದೆಯಲ್ಲಿಯೂ ಮಲಗಿದನು. ತಾನು ಗೀಚಿದ ಚಿತ್ರಗಳನ್ನು ಕೊಟ್ಟು ರೊಟ್ಟಿಯ ತುಂಡುಗಳನ್ನು ಪಡೆದನು. ಅಲ್ಲಿಗೆ ಮುಟ್ಟಿದ ಮೇಲೆ ಆ ಚಿತ್ರಗಾರನ ಮನೆಯ ಬಾಗಿಲನ್ನು ತಟ್ಟುವ ಧೈರ್ಯ ಸಾಲದೆ ಹಾಗೆಯೇ ಹಿಂತಿರುಗಿದನು. ಆದರೆ ಈ ಪ್ರಯಾಣದಲ್ಲಿಯೇ ಅವನೊಳಗೆ ಏನೋ ಸ್ಥಿರವಾಯಿತು. ತಾನು ಬಾಯಿಂದ ಹೇಳಲಾರದೆಹೋದದ್ದನ್ನು ಕೈಯಿಂದ ಹೇಳುವೆನೆಂದು ಅವನು ನಿಶ್ಚಯಿಸಿದನು. ಆಗ ಅವನಿಗೆ 27 ವರ್ಷ. ಅವನಿಗೆ ಉಳಿದಿದ್ದದ್ದು ಹತ್ತೇ ವರ್ಷಗಳ ಆಯುಸ್ಸು.

ಅವನ ಕಲಿಕೆಯ ರೀತಿಯನ್ನು ಸ್ವಲ್ಪ ವಿವರಿಸುವೆವು. ಒಬ್ಬ ಗಣಿಗಾರನ ಮನೆಯ ಚಿಕ್ಕ ಕೋಣೆಯಲ್ಲಿ, ಆ ಮನೆಯ ಮಕ್ಕಳು ಮಲಗುವ ಸ್ಥಳದಲ್ಲಿಯೇ, ಅಭ್ಯಾಸದ ಪುಸ್ತಕಗಳಲ್ಲಿದ್ದ ಚಿತ್ರಗಳನ್ನು ಒಂದಾದ ಮೇಲೊಂದಾಗಿ ನೋಡಿ ಬರೆದನು. ಮುಗಿದ ಮೇಲೆ ಪುನಃ ಮೊದಲಿಂದ ಬರೆದನು. ಮಿಲ್ಲೆ ಎಂಬ ಫ್ರೆಂಚ್ ಚಿತ್ರಗಾರನು ಬರೆದಿದ್ದ ಬೀಜ ಬಿತ್ತುವವನ ಚಿತ್ರವನ್ನು ಬಾರಿಬಾರಿಗೂ ನಕಲುಮಾಡಿದನು. ಆಮೇಲೆ ಹೇಗ್ ಪಟ್ಟಣದಲ್ಲಿ ಮರದ ಚೌಕಟ್ಟಿಗೆ ದಾರಗಳನ್ನು ಅಡ್ಡಕ್ಕೂ ಓರೆಯಾಗಿಯೂ ಕಟ್ಟಿಸಿ, ಅದನ್ನು ಹೊಲದಲ್ಲಿ ನಿಲ್ಲಿಸಿ, ಅದರೊಳಗಿಂದ ನೋಡಿ ದೂರ ಸಮೀಪಗಳ ಅಳತೆಯನ್ನು ಕಲಿತನು. ಅವನ ಬಂಧುವಾದ ಮೌವ್ ಎಂಬ ಚಿತ್ರಗಾರನು ಕೆಲವು ವಾರ ಅವನಿಗೆ ಬಣ್ಣಗಳ ಪಾಠವನ್ನು ಹೇಳಿದನು. ಆಂಟ್ವರ್ಪ್ ಮತ್ತು ಪಾರಿಸ್ ಪಟ್ಟಣಗಳ ಚಿತ್ರಶಾಲೆಗಳಲ್ಲಿಯೂ ಅವನು ಸ್ವಲ್ಪಕಾಲ ಕೂತನು. ಎಲ್ಲಿಯೂ ಹೆಚ್ಚು ದಿನ ನಿಲ್ಲಲಿಲ್ಲ. ಅವನು ಕಲಿತದ್ದೆಲ್ಲಾ ಬಹುಮಟ್ಟಿಗೆ ತನ್ನ ಕಣ್ಣಿನಿಂದಲೂ ಕೈಯ ಶ್ರಮದಿಂದಲೂ ಕಲಿತದ್ದೇ.

ಇಷ್ಟೂ ಕಾಲ ಅವನನ್ನು ಸಾಕಿದವನು ತಮ್ಮನಾದ ಥಿಯೋ. ಅವನೂ ಅದೇ ಗೂಪಿಲ್ ಅಂಗಡಿಯಲ್ಲಿ ಕೆಲಸದಲ್ಲಿದ್ದು ತನ್ನ ಸಂಬಳದಿಂದ ತಿಂಗಳು ತಿಂಗಳಿಗೂ ಹಣ ಕಳುಹಿಸಿದನು. ಕೆಲವು ವರ್ಷ ಅದು ತಿಂಗಳಿಗೆ 150 ಫ್ರಾಂಕುಗಳಷ್ಟಿತ್ತು. ಬಣ್ಣಗಳನ್ನೂ ಬಟ್ಟೆಯನ್ನೂ ಸಹ ಅವನೇ ಕಳುಹಿಸುವನು. ಅಣ್ಣನ ಚಿತ್ರಗಳು ಮಾರಾಟವಾಗಲಿಲ್ಲ. ಆದರೂ ಹತ್ತು ವರ್ಷ ಅವನು ಕೈಬಿಡಲಿಲ್ಲ.

ಇಲ್ಲಿ ನಾವು ಒಂದು ಮಾತನ್ನು ಮರೆಮಾಡದೆ ಹೇಳಬೇಕು. 1881ರ ಕ್ರಿಸ್ಮಸ್ ಹಬ್ಬದಲ್ಲಿ ವಿನ್ಸೆಂಟನು ದೇವಾಲಯಕ್ಕೆ ಬರುವುದಿಲ್ಲವೆಂದು ಹಟಮಾಡಿ ತಂದೆಯೊಂದಿಗೆ ಜಗಳವಾಡಿ ಮನೆಬಿಟ್ಟನು. ಸಭೆಯವರ ಮೇಲಣ ಕೋಪವು ಸಭೆಯ ಆರಾಧನೆಯ ಮೇಲೆಯೂ ತಿರುಗಿತು. ಹೇಗ್ ಪಟ್ಟಣದಲ್ಲಿ ದಿಕ್ಕಿಲ್ಲದ ಒಬ್ಬ ಗರ್ಭಿಣಿಯನ್ನೂ ಅವಳ ಮಗುವನ್ನೂ ತನ್ನ ಮನೆಗೆ ಸೇರಿಸಿಕೊಂಡು, ವಿವಾಹವಿಲ್ಲದೆ ಅವಳೊಂದಿಗೆ ಒಂದುವರೆ ವರ್ಷದಷ್ಟು ಬಾಳಿದನು. ಅವಳಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟದ್ದು ದಯೆಯೇ. ವಿವಾಹವಿಲ್ಲದ ಬಾಳುವೆಯನ್ನು ನಾವು ಸಮರ್ಥಿಸುವುದಿಲ್ಲ. ಎರಡನ್ನೂ ಇದ್ದ ಹಾಗೆಯೇ ಬರೆಯುತ್ತೇವೆ.

5. ಬಟಾಟೆ ತಿನ್ನುವವರ ಚಿತ್ರ

1883ರ ಕಡೆಯಲ್ಲಿ ಅವನು ತಂದೆತಾಯಿಗಳ ಮನೆಗೆ ಹಿಂತಿರುಗಿದನು. ಆಗ ತಂದೆಯವರು ನ್ಯೂನೆನ್ ಎಂಬ ಹಳ್ಳಿಯಲ್ಲಿ ಬೋಧಕರಾಗಿದ್ದರು. ಅಲ್ಲಿ ಅವನು ಮಗ್ಗಗಳಲ್ಲಿ ಕೂತಿರುವ ನೇಯ್ಗೆಯವರನ್ನೂ ಹೊಲದಲ್ಲಿ ಬಗ್ಗಿ ಅಗೆಯುವವರನ್ನೂ ಬರೆದನು. ಒಂದೇ ಚಳಿಗಾಲದಲ್ಲಿ ರೈತರ ಮುಖಗಳನ್ನು ಸುಮಾರು 40 ಚಿತ್ರಗಳಲ್ಲಿ ಬರೆದನು. 1885ರ ಮಾರ್ಚಿ 26ರಂದು ತಂದೆಯವರು ಅಕಸ್ಮಾತ್ತಾಗಿ ತೀರಿಕೊಂಡರು. ಅದಾದ ಕೆಲವೇ ವಾರಗಳಲ್ಲಿ ಅವನು ತನ್ನ ಮೊದಲನೆಯ ದೊಡ್ಡ ಚಿತ್ರವನ್ನು ಮುಗಿಸಿದನು.

ಆ ಚಿತ್ರದಲ್ಲಿ ಒಂದು ಬಡ ರೈತ ಕುಟುಂಬವಿದೆ. ಕತ್ತಲೆಯ ಕೋಣೆಯಲ್ಲಿ ಮೇಲಿಂದ ತೂಗಾಡುವ ಒಂದೇ ದೀಪದ ಕೆಳಗೆ ಐದು ಮಂದಿ ಮೇಜಿನ ಸುತ್ತಲೂ ಕೂತಿದ್ದಾರೆ. ನಮ್ಮಲ್ಲಿ ಬಡವರಿಗೆ ಗಂಜಿಯೋ ಮುದ್ದೆಯೋ ಹೇಗೋ ಹಾಗೆ ಅಲ್ಲಿ ಬೇಯಿಸಿದ ಬಟಾಟೆ. ಎಲ್ಲರೂ ಒಂದೇ ತಟ್ಟೆಯಿಂದ ತೆಗೆದುಕೊಳ್ಳುತ್ತಾರೆ. ಒಬ್ಬಳು ಬಟ್ಟಲುಗಳಿಗೆ ಕಾಪಿ ಹೊಯ್ಯುತ್ತಾಳೆ. ಮುಖಗಳು ಸುಂದರವಲ್ಲ; ಮೂಳೆಗಳು ಎದ್ದಿವೆ; ಕೈಗಳು ಗಂಟುಗಂಟಾಗಿವೆ. ಬಣ್ಣವೆಲ್ಲಾ ಸಿಪ್ಪೆ ಸುಲಿಯದ, ಮಣ್ಣು ಹತ್ತಿದ ಬಟಾಟೆಯ ಬಣ್ಣ. ತಟ್ಟೆಗೆ ಚಾಚುವ ಈ ಕೈಗಳೇ ನೆಲವನ್ನು ಅಗೆದವು, ಇವರು ತಮ್ಮ ಆಹಾರವನ್ನು ನ್ಯಾಯವಾಗಿ ಸಂಪಾದಿಸಿದರು ಎಂಬುದನ್ನು ತೋರಿಸುವುದೇ ತನ್ನ ಉದ್ದೇಶವೆಂದು ಅವನು ತಮ್ಮನಿಗೆ ಬರೆದನು.

ಅವನ ಸ್ನೇಹಿತನಾದ ಒಬ್ಬ ಚಿತ್ರಗಾರನು ಇದನ್ನು ನೋಡಿ, ಕೈಕಾಲುಗಳ ಅಳತೆ ತಪ್ಪಿದೆ, ಕೆಲಸವು ಒರಟು ಎಂದು ಹಳಿದನು. ಆ ಸ್ನೇಹವು ಮುರಿಯಿತು. ಅಳತೆಯು ತಪ್ಪಿದ್ದು ನಿಜವೇ. ಆದರೆ ವಿನ್ಸೆಂಟನಿಗೆ ಬೇಕಾದದ್ದು ಕೋಲಿನಿಂದ ಅಳೆಯುವ ಸತ್ಯವಲ್ಲ. ದುಡಿದು ದಣಿದವನ ಬೆನ್ನು ದುಡಿದಂತೆಯೇ ಕಾಣಬೇಕು. ಅದಕ್ಕೋಸ್ಕರ ಗೆರೆಯು ಬಾಗಬೇಕಾದರೆ ಬಾಗಲಿ ಎಂಬುದು ಅವನ ಮತ. ಸಭೆಯಲ್ಲಿ ಅವನ ಮಾತಿಗೆ ಬಂದ ದೂರೇ ಈಗ ಅವನ ಚಿತ್ರಕ್ಕೂ ಬಂತೆಂಬುದನ್ನು ವಾಚಕರು ಗಮನಿಸಲಿ. ಮಾತು ನಯವಲ್ಲವೆಂದರು, ಗೆರೆಯೂ ನಯವಲ್ಲವೆಂದರು. ಎರಡರಲ್ಲಿಯೂ ಒಳಗಿದ್ದದ್ದು ಒಂದೇ ಪ್ರೀತಿ.

ಅದೇ ವರ್ಷ ಅಕ್ಟೋಬರಿನಲ್ಲಿ ಅವನು ತೀರಿಹೋದ ತಂದೆಯ ದೊಡ್ಡ ಸತ್ಯವೇದವನ್ನು ಮೇಜಿನ ಮೇಲೆ ತೆರೆದಿಟ್ಟು ಅದರ ಚಿತ್ರವನ್ನು ಬರೆದನು. ಅದು ಯೆಶಾಯನ ಪ್ರವಾದನೆಯ 53ನೆಯ ಅಧ್ಯಾಯಕ್ಕೆ ತೆರೆದಿದೆ. ಪಕ್ಕದಲ್ಲಿ ಆರಿದ ಮೇಣದ ಬತ್ತಿ. ಮುಂದೆ ತಾನು ಓದುತ್ತಿದ್ದ ಒಂದು ಹಳದಿ ಬಣ್ಣದ ಫ್ರೆಂಚ್ ಕಾದಂಬರಿ. ತಂದೆಯ ಪುಸ್ತಕಕ್ಕೂ ಮಗನ ಪುಸ್ತಕಕ್ಕೂ ಇದ್ದ ಅಂತರವನ್ನು ಅವನು ಮುಚ್ಚಲಿಲ್ಲ. ಆದರೆ ಆ ಗ್ರಂಥದಲ್ಲಿ ಎಷ್ಟೋ ಪುಟಗಳಿರಲಾಗಿ, ಮನುಷ್ಯರಿಂದ ತಿರಸ್ಕರಿಸಲ್ಪಟ್ಟ ಸೇವಕನ ಅಧ್ಯಾಯವನ್ನೇ ತೆರೆದಿಟ್ಟನು.

6. ಬಣ್ಣಗಳ ಭಾಷೆ

1886ರಲ್ಲಿ ಅವನು ಪಾರಿಸಿಗೆ ಹೋಗಿ ಥಿಯೋನ ಮನೆಯಲ್ಲಿ ಎರಡು ವರ್ಷವಿದ್ದನು. ಅಲ್ಲಿಯ ಹೊಸ ಚಿತ್ರಗಾರರನ್ನೂ ಜಪಾನ್ ದೇಶದ ಅಚ್ಚಿನ ಚಿತ್ರಗಳನ್ನೂ ಕಂಡು ಅವನ ಕತ್ತಲೆಯ ಬಣ್ಣಗಳು ಬೆಳಗಾದವು. ಕೂಲಿ ಕೊಟ್ಟು ಜನರನ್ನು ಮುಂದೆ ಕೂರಿಸಲು ಹಣವಿಲ್ಲದೆ, ಕನ್ನಡಿಯನ್ನು ನೋಡಿ ತನ್ನ ಮುಖವನ್ನೇ ಬರೆದನು. ಅಂಥ ಚಿತ್ರಗಳು ಒಟ್ಟಿಗೆ ಸುಮಾರು 35 ಉಂಟು. 1888ರ ಫೆಬ್ರವರಿಯಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ ಆರ್ಲ್ ಎಂಬ ಪಟ್ಟಣಕ್ಕೆ ಹೋದನು.

ಅಲ್ಲಿ ಅವನು ಬಿಸಿಲಿನಲ್ಲಿಯೂ ಬಿರುಗಾಳಿಯಲ್ಲಿಯೂ ಹೊರಗೆ ನಿಂತು ಬರೆದನು. ಗಾಳಿಗೆ ಚಿತ್ರದ ಚೌಕಟ್ಟು ಬೀಳದಂತೆ ನೆಲದಲ್ಲಿ ಗೂಟಗಳನ್ನು ಹೊಡೆದು ಕಟ್ಟುವನು. ಬಣ್ಣವನ್ನು ತೆಳ್ಳಗೆ ಸವರದೆ ದಪ್ಪವಾಗಿ, ಹೊಲದಲ್ಲಿ ನೇಗಿಲ ಸಾಲು ಎದ್ದ ಹಾಗೆ, ಕುಂಚದ ಗುರುತುಗಳು ಕಾಣುವಂತೆ ಹಾಕುವನು. ಇದ್ದ ಬಣ್ಣವನ್ನೇ ಹಾಕಬೇಕೆಂಬ ನಿಯಮವನ್ನು ಬಿಟ್ಟು, ಮನಸ್ಸಿಗೆ ಆದದ್ದನ್ನು ಬಣ್ಣದಿಂದ ಹೇಳತೊಡಗಿದನು. ರಾತ್ರಿಯೆಲ್ಲಾ ತೆರೆದಿರುವ ಕುಡುಕರ ಅಂಗಡಿಯೊಂದನ್ನು ಬರೆಯುವಾಗ, ಅಲ್ಲಿ ಮನುಷ್ಯನು ಹೇಗೆ ಹಾಳಾಗುವನೆಂಬುದನ್ನು ತೋರಿಸಲು ಕೆಂಪನ್ನೂ ಹಸುರನ್ನೂ ಒಂದಕ್ಕೊಂದು ಹೊಡೆದಾಡುವಂತೆ ಹಾಕಿದನು. ಸ್ನೇಹಿತನೊಬ್ಬನು ಬರುವನೆಂದು ಸಂತೋಷಪಟ್ಟಾಗ, ಅವನ ಕೋಣೆಯ ಗೋಡೆಗೋಸ್ಕರ ಹಳದಿಯ ಮೇಲೆ ಹಳದಿಯಾಗಿ ಸೂರ್ಯಕಾಂತಿ ಹೂವುಗಳನ್ನು ಬರೆದನು. ಮುಂಚೆ ಅವನು ನಕಲುಮಾಡಿದ್ದ ಬೀಜ ಬಿತ್ತುವವನು ಇಲ್ಲಿ ಪುನಃ ಬಂದನು. ಈಗ ಅವನ ಹಿಂದೆ ದೊಡ್ಡ ಸೂರ್ಯನು ಇಡೀ ಹೊಲವನ್ನು ಬೆಳಗಿಸುತ್ತಾನೆ.

7. ಮನಸ್ಸಿನ ರೋಗವೂ ಒಬ್ಬ ಬೋಧಕರ ದಯೆಯೂ

ಆ ಸ್ನೇಹಿತನು ಗೊಗ್ಯಾನ್ ಎಂಬ ಚಿತ್ರಗಾರನು. ಇಬ್ಬರೂ ಒಂಬತ್ತು ವಾರ ಒಂದೇ ಮನೆಯಲ್ಲಿದ್ದರು. ಅವರೊಳಗೆ ವಾಗ್ವಾದಗಳು ಹೆಚ್ಚಿದವು. 1888ರ ದಶಂಬರ 23ರ ರಾತ್ರಿ ವಿನ್ಸೆಂಟನಿಗೆ ಬುದ್ಧಿಭ್ರಮಣೆಯಾಗಿ ತನ್ನ ಕಿವಿಯನ್ನು ತಾನೇ ಕೊಯ್ದುಕೊಂಡನು. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದರೂ ರೋಗವು ಪುನಃ ಪುನಃ ಬಂತು. ನೆರೆಯವರು ಸುಮಾರು ಮೂವತ್ತು ಮಂದಿ ಸೇರಿ, ಈ ಹುಚ್ಚನನ್ನು ನಮ್ಮ ಬೀದಿಯಲ್ಲಿ ಇರಗೊಡಬಾರದೆಂದು ಊರಿನ ಅಧಿಕಾರಿಗೆ ಅರ್ಜಿ ಕೊಟ್ಟರು. ಅವನ ಮನೆಯನ್ನು ಮುಚ್ಚಿಸಿದರು.

ಆ ಪಟ್ಟಣದಲ್ಲಿ ಸಾಲ್ ಎಂಬ ಒಬ್ಬ ಪ್ರೊಟೆಸ್ಟಂಟ್ ಬೋಧಕರಿದ್ದರು. ವಿನ್ಸೆಂಟನು ಅವರ ಸಭೆಯ ಅಂಗನಾಗಿರಲಿಲ್ಲ. ದೇವಾಲಯಕ್ಕೆ ಹೋಗುವುದನ್ನೇ ಬಿಟ್ಟವನು. ಆದರೂ ಅವರು ಆಸ್ಪತ್ರೆಗೆ ಹೋಗಿ ಅವನನ್ನು ನೋಡಿದರು. ಪಾರಿಸಿನಲ್ಲಿದ್ದ ತಮ್ಮನಿಗೆ ಕಾಗದಗಳನ್ನು ಬರೆದು ಸಮಾಚಾರ ತಿಳಿಸಿದರು. ಅವನಿಗೆ ತಕ್ಕ ಸ್ಥಳವನ್ನು ವಿಚಾರಿಸಿದರು. 1889ರ ಮೇ 8ನೆಯ ತಾರೀಖು ಸೇಂತ್ ರೆಮೀ ಎಂಬ ಊರಿನ ಮಾನಸಿಕ ರೋಗಿಗಳ ಆಸ್ಪತ್ರೆಗೆ ತಾವೇ ಅವನನ್ನು ಕರೆದುಕೊಂಡುಹೋಗಿ ಬಿಟ್ಟುಬಂದರು. ಈ ಬೋಧಕರು ಮಾಡಿದ ಪ್ರಸಂಗಗಳಲ್ಲಿ ಒಂದೂ ನಮಗೆ ಗೊತ್ತಿಲ್ಲ. ಈ ಒಂದು ಪ್ರಯಾಣದಿಂದ ಅವರನ್ನು ನಾವು ಬಲ್ಲೆವು, ಅದೇ ಸಾಕು.

ಸೇಂತ್ ರೆಮೀಯಲ್ಲಿ ಅವನು ಒಂದು ವರ್ಷವಿದ್ದನು. ರೋಗವು ಬಂದಾಗ ವಾರಗಟ್ಟಲೆ ಕೆಲಸವಿಲ್ಲ. ಬಿಟ್ಟಾಗ ಕುಂಚವನ್ನು ಹಿಡಿಯುವನು. ಹೀಗೆ ಸುಮಾರು 150 ಚಿತ್ರಗಳಾದವು. ಲೋಕಪ್ರಸಿದ್ಧವಾದ ನಕ್ಷತ್ರಗಳ ರಾತ್ರಿಯ ಚಿತ್ರವು ಆ ವರ್ಷ ಜೂನ್ ತಿಂಗಳಲ್ಲಿ ಆದದ್ದು. ಅದರಲ್ಲಿ ಆಕಾಶವೆಲ್ಲಾ ನೀರಿನ ಸುಳಿಯಂತೆ ತಿರುಗುತ್ತದೆ, ಕೆಳಗೆ ಚಿಕ್ಕ ಹಳ್ಳಿಯೂ ದೇವಾಲಯದ ಶಿಖರವೂ ನಿದ್ರಿಸುತ್ತವೆ. ಹೊರಗೆ ಹೋಗಲಾರದ ದಿನಗಳಲ್ಲಿ ಅವನು ಹಳೆಯ ಚಿತ್ರಗಾರರ ಅಚ್ಚಿನ ಚಿತ್ರಗಳನ್ನು ಎದುರಿಗಿಟ್ಟು ತನ್ನ ಬಣ್ಣದಲ್ಲಿ ಬರೆದನು. ಇವುಗಳಲ್ಲಿ ಒಂದು ಲಾಜರನ ಪುನರುತ್ಥಾನ. ಸಮಾಧಿಯಿಂದ ಏಳುವ ಲಾಜರನಿಗೆ ವಿನ್ಸೆಂಟನದರಂಥ ಕೆಂಪು ಗಡ್ಡವಿದೆ.

ಇನ್ನೊಂದು 1890ರ ಮೇ ತಿಂಗಳಲ್ಲಿ ಬರೆದ ಒಳ್ಳೆಯ ಸಮಾರ್ಯದವನ ಚಿತ್ರ. ದೆಲಾಕ್ರುವಾ ಎಂಬವನ ಚಿತ್ರವನ್ನು ಅನುಸರಿಸಿ ಇದನ್ನು ಮಾಡಿದನು. ಸಮಾರ್ಯದವನು ಗಾಯಪಟ್ಟವನನ್ನು ತನ್ನ ಪಶುವಿನ ಮೇಲೆ ಎತ್ತಿ ಕೂರಿಸುತ್ತಿದ್ದಾನೆ. ಅದು ಸುಲಭವಾದ ಕೆಲಸವಾಗಿ ಕಾಣುವುದಿಲ್ಲ. ಅವನ ಬೆನ್ನು ಭಾರಕ್ಕೆ ಬಾಗಿದೆ. ಗಾಯಾಳು ಅವನ ಕುತ್ತಿಗೆಯನ್ನು ಅಪ್ಪಿಕೊಂಡು ತೂಗುತ್ತಾನೆ. ಬರಿದಾದ ಪೆಟ್ಟಿಗೆಯು ಬಿದ್ದಿದೆ. ದೂರದ ದಾರಿಯಲ್ಲಿ ನಡೆದುಹೋಗುತ್ತಿರುವ ಯಾಜಕನೂ ಲೇವಿಯೂ ಚಿಕ್ಕದಾಗಿ ಕಾಣುತ್ತಾರೆ. ಪ್ರಸಂಗಕ್ಕೆ ಯೋಗ್ಯನಲ್ಲವೆಂದು ತಳ್ಳಲ್ಪಟ್ಟವನ ಪ್ರಸಂಗವು ಇದೇ ಎಂದು ನಾವು ಎಣಿಸುತ್ತೇವೆ.

8. ಅಂತ್ಯವೂ ತರುವಾಯ ಆದದ್ದೂ

1890ರ ಆರಂಭದಲ್ಲಿ ಬ್ರಸ್ಸೆಲ್ಸ್ ಪಟ್ಟಣದ ಪ್ರದರ್ಶನದಲ್ಲಿ ಅವನ ಕೆಂಪು ದ್ರಾಕ್ಷಿತೋಟದ ಚಿತ್ರವು 400 ಫ್ರಾಂಕುಗಳಿಗೆ ಮಾರಾಟವಾಯಿತು. ಅದೇ ಸಮಯದಲ್ಲಿ ಥಿಯೋನಿಗೆ ಗಂಡುಮಗುವು ಹುಟ್ಟಿತು. ಮಗುವಿಗೆ ದೊಡ್ಡಪ್ಪನ ಹೆಸರನ್ನೇ ಇಟ್ಟರು. ವಿನ್ಸೆಂಟನು ನೀಲ ಆಕಾಶದ ಎದುರಿಗೆ ಹೂಬಿಟ್ಟ ಬಾದಾಮಿ ಕೊಂಬೆಗಳನ್ನು ಬರೆದು ಆ ಮಗುವಿಗೆ ಕಾಣಿಕೆಯಾಗಿ ಕೊಟ್ಟನು. ಮೇ ತಿಂಗಳಲ್ಲಿ ಪಾರಿಸಿಗೆ ಸಮೀಪವಾದ ಓವೇರ್ ಎಂಬ ಹಳ್ಳಿಗೆ ಬಂದು ಒಬ್ಬ ವೈದ್ಯನ ಮೇಲ್ವಿಚಾರಣೆಯಲ್ಲಿದ್ದನು. ಅಲ್ಲಿ ಸುಮಾರು ಎಪ್ಪತ್ತು ದಿನಗಳಲ್ಲಿ ಸುಮಾರು ಎಪ್ಪತ್ತು ಚಿತ್ರಗಳನ್ನು ಬರೆದನು. ಆದರೆ ಜುಲೈ 27ನೆಯ ತಾರೀಖು ಮನಸ್ಸಿನ ಸಂಕಟದಲ್ಲಿ ತನಗೆ ತಾನೇ ಗಾಯಮಾಡಿಕೊಂಡು, 29ನೆಯ ತಾರೀಖು ಥಿಯೋನು ಬಳಿಯಲ್ಲಿರುವಾಗ ತೀರಿಹೋದನು. ಆಗ ಅವನಿಗೆ 37 ವರ್ಷ. ಥಿಯೋನೂ ಬಹುಕಾಲ ಬದುಕಲಿಲ್ಲ. ಆರು ತಿಂಗಳೊಳಗೆ, 1891ರ ಜನವರಿ 25ರಂದು, ರೋಗದಿಂದ ತೀರಿಹೋದನು. 1914ರಿಂದ ಅಣ್ಣತಮ್ಮಂದಿರ ಸಮಾಧಿಗಳು ಓವೇರಿನಲ್ಲಿ ಪಕ್ಕಪಕ್ಕದಲ್ಲಿವೆ.

ಥಿಯೋನ ವಿಧವೆಯಾದ ಯೊಹಾನ್ನಾ ಎಂಬವಳಿಗೆ ಆಗ 28 ವರ್ಷ. ಮಡಿಲಲ್ಲಿ ಒಂದು ವರ್ಷವೂ ತುಂಬದ ಕೂಸು. ಮನೆಯ ತುಂಬಾ ಯಾರಿಗೂ ಬೇಡವಾದ ಚಿತ್ರಗಳು. ಆಕೆಯು ಅವುಗಳನ್ನು ಬಿಸಾಡಲಿಲ್ಲ. ಹಾಲೆಂಡಿಗೆ ಹಿಂತಿರುಗಿ, ಊಟವಸತಿಯ ಮನೆಯನ್ನು ನಡಿಸಿ ಜೀವನ ಮಾಡುತ್ತಾ, ಚಿತ್ರಗಳನ್ನು ಪ್ರದರ್ಶನಗಳಿಗೆ ಕಳುಹಿಸಿದಳು. ವಿನ್ಸೆಂಟನು ಥಿಯೋನಿಗೆ ಬರೆದ ಕಾಗದಗಳನ್ನೆಲ್ಲಾ ಜೋಡಿಸಿ 1914ರಲ್ಲಿ ಅಚ್ಚುಹಾಕಿಸಿದಳು. ಅವಳ ಮಗನು ಬೆಳೆದು ಆ ಚಿತ್ರಗಳನ್ನು ಸಾರ್ವಜನಿಕರಿಗೆ ಒಪ್ಪಿಸಿದ್ದರಿಂದ 1973ರಲ್ಲಿ ಆಮ್ಸ್ಟರ್ಡಾಮಿನಲ್ಲಿ ವಿನ್ಸೆಂಟನ ಹೆಸರಿನ ಚಿತ್ರಶಾಲೆಯು ತೆರೆಯಲ್ಪಟ್ಟಿತು. ಬಟಾಟೆ ತಿನ್ನುವವರ ಚಿತ್ರವೂ ತಂದೆಯ ಸತ್ಯವೇದದ ಚಿತ್ರವೂ ಅಲ್ಲಿವೆ. ಹತ್ತು ವರ್ಷಗಳಲ್ಲಿ ಅವನು ಮಾಡಿದ ಎಣ್ಣೆಬಣ್ಣದ ಚಿತ್ರಗಳು ಸುಮಾರು 860. ಇತರ ಚಿತ್ರಗಳನ್ನು ಸೇರಿಸಿದರೆ ಎರಡು ಸಾವಿರಕ್ಕೂ ಮೇಲು.

ಪ್ರಿಯ ವಾಚಕರೇ, ಆತ್ಮಹತ್ಯದಿಂದ ಸತ್ತವನ ಆತ್ಮದ ವಿಷಯವಾಗಿ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಹೃದಯಗಳನ್ನು ಶೋಧಿಸುವ ಕರ್ತನು ಅವನ ರೋಗವನ್ನೂ ಅವನ ಪ್ರೀತಿಯನ್ನೂ ಬಲ್ಲನು. ನಮಗೆ ಉಳಿದಿರುವ ಕೆಲಸ ಬೇರೆ. ನಿಮ್ಮ ಊರಿನಲ್ಲಿ ಮನಸ್ಸಿನ ರೋಗವುಳ್ಳವರಿದ್ದರೆ ಅವರಿಗೆ ದೆವ್ವ ಹಿಡಿದಿದೆ ಎಂದು ಹೇಳಬೇಡಿರಿ, ಕಟ್ಟಿಹಾಕಬೇಡಿರಿ, ಬೀದಿಯವರೊಂದಿಗೆ ಸೇರಿ ಅರ್ಜಿಗೆ ರುಜುಹಾಕಬೇಡಿರಿ. ಸಾಲ್ ಬೋಧಕರಂತೆ ಸಂಗಡ ಹೋಗಿ ವೈದ್ಯರಿಗೆ ತೋರಿಸಿರಿ. ಬದುಕು ಬೇಡವೆನ್ನುವವನನ್ನು ಒಂಟಿಯಾಗಿ ಬಿಡಬೇಡಿರಿ. ಸಭೆಯಲ್ಲಿ ಮಾತು ಬಾರದ ಒಬ್ಬನಿದ್ದರೆ ಅವನ ಕೈಗಳನ್ನು ನೋಡಿರಿ. ಅವನಿಗೆ ಕೊಟ್ಟ ವರವು ಅಲ್ಲಿರಬಹುದು. ನಿಮ್ಮ ಮಗನಾಗಲಿ ಮಗಳಾಗಲಿ ಇದ್ದಿಲಿನಿಂದ ಗೋಡೆಯ ಮೇಲೆ ಗೀಚಿದರೆ ಗದರಿಸುವ ಮೊದಲು ಏನು ಬರೆದಿದೆಯೆಂದು ಒಂದು ಸಾರಿ ನೋಡಿರಿ.

ಮುಂದಿನ ತಿಂಗಳು ಉಪದೇಶಿಗಳ ಕೂಟದಲ್ಲಿ ಹೊಸಬರನ್ನು ಪರೀಕ್ಷಿಸುವ ಕೆಲಸವು ನಮಗೂ ಬರುತ್ತದೆ. ಆಗ ಅವರ ಪ್ರಸಂಗವನ್ನು ಕೇಳುವ ಮೊದಲು, ಅವರ ಊರಿನ ರೋಗಿಗಳನ್ನು ಕಂಡು ಇವರ ವಿಷಯವಾಗಿ ವಿಚಾರಿಸುವೆವೆಂದು ನಾವು ನಿಶ್ಚಯಿಸಿಕೊಂಡಿದ್ದೇವೆ. ಕರ್ತನು ನಮಗೆ ನೋಡುವ ಕಣ್ಣುಗಳನ್ನು ಕೊಡಲಿ.